ಅಲ್ಗಾರಿದಮ್‌ನ ಪಟ್ನಮ್, ಅವಳಿ ಭೂಮಿಯ ಪಟ್ನಮ್: ಇಬ್ಬರೂ ಒಬ್ಬರೇನಾ?

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಓದಿ ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಾಲೇಜಿನಲ್ಲಿ 'ಡೇವಿಸ್–ಪಟ್ನಮ್' ಅಂತ ಒಂದು ಅಲ್ಗಾರಿದಮ್ ಓದಿದ್ದೆ. ಈಚೆಗೆ ಎಐ ಬಗ್ಗೆ ಓದುವಾಗ 'ತೊಟ್ಟಿಯಲ್ಲಿಟ್ಟ ಮಿದುಳು' ಅನ್ನೋ ವಾದ ಸಿಕ್ಕಿತು. ಅಲ್ಲೂ ಪಟ್ನಮ್ ಅನ್ನೋ ಹೆಸರು. ಮನಸ್ಸು ಕಂಪ್ಯೂಟರ್ ಇದ್ದ ಹಾಗೆ ಅಂದವರೂ ಪಟ್ನಮ್ ಅಂತೆ, ಅಲ್ಲ ಅಂದವರೂ ಪಟ್ನಮ್ ಅಂತೆ. ಇವರೆಲ್ಲ ಒಬ್ಬರೇನಾ? ಒಬ್ಬರೇ ಆದರೆ, ಇಷ್ಟು ಸಲ ಮಾತು ಬದಲಿಸಿದವರನ್ನು ಯಾಕೆ ಓದಬೇಕು? ಓದೋದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಎಲ್ಲರೂ ಒಬ್ಬರೇ. ಹಿಲರಿ ಪಟ್ನಮ್. ಹೆಸರು ನೋಡಿ ಹೆಂಗಸು ಅಂದುಕೊಳ್ಳುವವರಿದ್ದಾರೆ, ಆದರೆ ಗಂಡಸು. 1926ರ ಜುಲೈ 31ರಂದು ಷಿಕಾಗೋದಲ್ಲಿ ಹುಟ್ಟಿದರು. 2016ರ ಮಾರ್ಚ್ 13ರಂದು ತೀರಿಕೊಂಡರು. ಅರವತ್ತು ವರ್ಷಕ್ಕೂ ಜಾಸ್ತಿ ಕಾಲ ಬರೆದರು. ಗಣಿತ, ತರ್ಕ, ವಿಜ್ಞಾನ, ಭಾಷೆ, ಮನಸ್ಸು, ನೀತಿ, ಕೊನೆಗೆ ಧರ್ಮವನ್ನೂ ಬಿಡಲಿಲ್ಲ. ಇಷ್ಟು ಕಡೆ ಕೈ ಹಾಕಿ, ಹೋದ ಕಡೆಯೆಲ್ಲ ಉಳಿಯುವಂಥದ್ದು ಏನಾದರೂ ಬಿಟ್ಟು ಬಂದವರು ಅವರ ಕಾಲದ ಅಮೆರಿಕದಲ್ಲಿ ತೀರಾ ಕಡಿಮೆ.

ಮಾತು ಬದಲಿಸುತ್ತಿದ್ದರು ಅನ್ನೋದೂ ನಿಜ. ತತ್ವಶಾಸ್ತ್ರದ ಮೇಷ್ಟರುಗಳ ನಡುವೆ ಅದೊಂದು ತಮಾಷೆಯೇ ಆಗಿತ್ತು. ಡೇನಿಯಲ್ ಡೆನೆಟ್ ಅವರು ತತ್ವಶಾಸ್ತ್ರಜ್ಞರ ಹೆಸರುಗಳನ್ನೇ ಮಾಮೂಲಿ ಪದಗಳಾಗಿ ಮಾಡಿ ಒಂದು ತಮಾಷೆಯ ನಿಘಂಟು ಸೇರಿಸಿದ್ದರು. ಅದರಲ್ಲಿ 'ಹಿಲರಿ' ಅಂದರೆ ಹೆಸರುವಾಸಿ ತತ್ವಶಾಸ್ತ್ರಜ್ಞರೊಬ್ಬರ ಚಿಂತನೆಯಲ್ಲಿ ಬಂದುಹೋಗುವ ಒಂದು ಪುಟ್ಟ, ಆದರೆ ಮಹತ್ವದ ಅವಧಿ. ಬಳಸೋದು ಹೀಗೆ: 'ಓ ಅದಾ, ಮೂರ್ನಾಲ್ಕು ಹಿಲರಿಗಳ ಹಿಂದೆ ನಾನು ಹಾಗೆ ಅಂದುಕೊಂಡಿದ್ದೆ.'

ಆದರೆ ನಿಮ್ಮ ಪ್ರಶ್ನೆಯಲ್ಲಿರುವ ಅನುಮಾನಕ್ಕೆ ನನ್ನ ಉತ್ತರ ಬೇರೆ. ಪಟ್ನಮ್ ಗಾಳಿ ಬಂದ ಕಡೆ ತೂರಿಕೊಂಡವರಲ್ಲ. ಅವರ ದೊಡ್ಡ ಬದಲಾವಣೆಗಳಲ್ಲಿ ಮುಖ್ಯವಾದದ್ದಕ್ಕೆ ಕಾರಣ ಅವರದೇ ಇನ್ನೊಂದು ಕೆಲಸ. 1967ರ ಹೊತ್ತಿಗೆ ಮನಸ್ಸಿನ ಬಗ್ಗೆ ಒಂದು ಸಿದ್ಧಾಂತ ಕಟ್ಟಿದರು. 1975ರಲ್ಲಿ ಪದಗಳ ಅರ್ಥದ ಬಗ್ಗೆ ಬೇರೊಂದನ್ನು ಕಟ್ಟಿದರು. ಎರಡನೆಯದು ಸರಿ ಇದ್ದರೆ ಮೊದಲನೆಯದು ಹಾಗೇ ನಿಲ್ಲೋಕೆ ಸಾಧ್ಯವಿಲ್ಲ. ಅದನ್ನು ಒಪ್ಪಿಕೊಂಡು, ತಮ್ಮ ಹೆಸರಿನಲ್ಲೇ ಓಡುತ್ತಿದ್ದ ಸಿದ್ಧಾಂತವನ್ನು ತಾವೇ ಕೆಡವಿದರು. ಅದು ಹೇಗೆ ಅಂತ ಗೊತ್ತಾದರೆ ಪಟ್ನಮ್ ಅರ್ಧ ಗೊತ್ತಾದ ಹಾಗೆ. ಹಾಗಾಗಿ ಅದನ್ನೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಉಳಿದದ್ದು ಬೇಗ ಬೇಗ.

ಮೊದಲು ಮನೆತನ. ಅಪ್ಪ ಸ್ಯಾಮ್ಯುಯೆಲ್ ಪಟ್ನಮ್ ಬರಹಗಾರ, ಅನುವಾದಕ. 'ಡಾನ್ ಕಿಹೋಟೆ'ಯ ಅವರ ಇಂಗ್ಲಿಷ್ ಅನುವಾದ 1949ರಲ್ಲಿ ಬಂತು. ಅಮೆರಿಕದ ಕಮ್ಯುನಿಸ್ಟರ ಪತ್ರಿಕೆ 'ಡೇಲಿ ವರ್ಕರ್'ಗೆ ಅಂಕಣ ಬರೆಯುತ್ತಿದ್ದರು. ಅಮ್ಮ ಯಹೂದಿ, ಆದರೆ ಮನೆಯಲ್ಲಿ ಧರ್ಮದ ಆಚರಣೆ ಇರಲಿಲ್ಲ. ಹುಡುಗನ ಮೊದಲ ವರ್ಷಗಳು ಫ್ರಾನ್ಸಿನಲ್ಲಿ ಕಳೆದವು. ಆಮೇಲೆ ಕುಟುಂಬ ಫಿಲಡೆಲ್ಫಿಯಾಕ್ಕೆ ಬಂತು. ಅಲ್ಲಿನ ಸೆಂಟ್ರಲ್ ಹೈಸ್ಕೂಲಿನಲ್ಲಿ ಒಂದು ವರ್ಷ ಹಿಂದಿದ್ದ ಇನ್ನೊಬ್ಬ ಹುಡುಗ, ಮುಂದೆ ಭಾಷಾವಿಜ್ಞಾನಿಯಾಗಿ ಹೆಸರು ಮಾಡಿದ ನೋಮ್ ಚಾಮ್ಸ್ಕಿ. ಇಬ್ಬರೂ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಇಬ್ಬರೂ ಜೆಲಿಗ್ ಹ್ಯಾರಿಸ್ ಅವರ ಹತ್ತಿರ ಭಾಷಾವಿಜ್ಞಾನ ಕಲಿತರು. ಒಂದೇ ಬೆಂಚಿನಿಂದ ಎದ್ದು ಬಂದ ಈ ಇಬ್ಬರು ಮುಂದೆ ಜೀವನವಿಡೀ ಸ್ನೇಹಿತರಾಗಿದ್ದುಕೊಂಡೇ ಅರ್ಥ ಅನ್ನೋದು ತಲೆಯ ಒಳಗಿದೆಯೋ ಹೊರಗಿದೆಯೋ ಅಂತ ವಾದ ಮಾಡಿದರು. ಆ ಸ್ಕೂಲಿಗೆ ನಮಸ್ಕಾರ ಹೇಳಬೇಕು, ಅಲ್ವಾ?

ಹಾರ್ವರ್ಡ್‌ನಲ್ಲಿ ಒಂದು ವರ್ಷ ಇದ್ದು ತತ್ವಶಾಸ್ತ್ರಜ್ಞ ಕ್ವೈನ್ ಅವರ ಪ್ರಭಾವಕ್ಕೆ ಸಿಕ್ಕಿದ ಪಟ್ನಮ್, ಪಿಎಚ್‌ಡಿಗೆ ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ ಮಾರ್ಗದರ್ಶಕರು ಹಾನ್ಸ್ ರೈಖೆನ್‌ಬಾಖ್. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು, ಟರ್ಕಿಯ ಮೂಲಕ ಅಮೆರಿಕಕ್ಕೆ ಬಂದ ವಿಜ್ಞಾನದ ತತ್ವಶಾಸ್ತ್ರಜ್ಞ ಅವರು. ಸಂಭವನೀಯತೆಯ ಮೇಲೆ ಬರೆದ ಪ್ರಬಂಧಕ್ಕೆ 1951ರಲ್ಲಿ ಪದವಿ ಸಿಕ್ಕಿತು. ನಾರ್ತ್‌ವೆಸ್ಟರ್ನ್‌ನಲ್ಲಿ ಸ್ವಲ್ಪ ಕಾಲ, ಆಮೇಲೆ ಪ್ರಿನ್ಸ್‌ಟನ್, 1961ರಿಂದ ಎಂಐಟಿ, 1965ರಿಂದ ಹಾರ್ವರ್ಡ್. ನಿವೃತ್ತಿ 2000ದಲ್ಲಿ.

ಈಗ ನಿಮ್ಮ ಅಲ್ಗಾರಿದಮ್. 1957ರ ಬೇಸಿಗೆಯಲ್ಲಿ ಕಾರ್ನೆಲ್‌ನಲ್ಲಿ ತರ್ಕಶಾಸ್ತ್ರಜ್ಞರೆಲ್ಲ ಸೇರಿದ್ದರು. ಪಟ್ನಮ್ ಮತ್ತು ಮಾರ್ಟಿನ್ ಡೇವಿಸ್ ಕುಟುಂಬ ಸಮೇತ ಒಂದೇ ಮನೆಯಲ್ಲಿ ಉಳಿದುಕೊಂಡಿದ್ದರು. ಅಲ್ಲಿ ಶುರುವಾದ ಮಾತು ಮುಂದಿನ ಬೇಸಿಗೆಗಳಲ್ಲೂ ನಡೆಯಿತು. 1960ರಲ್ಲಿ ಇಬ್ಬರ ಹೆಸರಿನಲ್ಲಿ ಲೇಖನ ಬಂತು. ಒಂದು ತಾರ್ಕಿಕ ಸೂತ್ರ ಕೊಟ್ಟರೆ, ಅದರ ಚರಾಕ್ಷರಗಳಿಗೆ ಸತ್ಯ ಅಥವಾ ಅಸತ್ಯ ಅಂತ ಬೆಲೆ ಕೊಟ್ಟು ಇಡೀ ಸೂತ್ರ ಸತ್ಯವಾಗುವಂತೆ ಮಾಡಬಹುದೇ ಅನ್ನೋದು ಪ್ರಶ್ನೆ. ಒಂಟಿ ಅಕ್ಷರ ಇರುವ ತುಂಡನ್ನು ಮೊದಲು ಬಿಡಿಸಿಕೊಳ್ಳುವ ಉಪಾಯ ಆ ಲೇಖನದಲ್ಲೇ ಇದೆ. ಆದರೆ ಅವರ ಮೂಲ ವಿಧಾನ ಮೆಮೊರಿಯನ್ನು ನುಂಗಿಹಾಕುತ್ತಿತ್ತು. 1962ರಲ್ಲಿ ಡೇವಿಸ್, ಲೋಗ್‌ಮನ್, ಲವ್‌ಲ್ಯಾಂಡ್ ಅದರ ಒಂದು ನಿಯಮ ತೆಗೆದು, ಒಂದೊಂದು ಬೆಲೆ ಇಟ್ಟು ನೋಡಿ ಹಿಂದಕ್ಕೆ ಬರುವ ವಿಧಾನ ಹಾಕಿದರು. ಇವತ್ತು ಚಿಪ್ ವಿನ್ಯಾಸ ಪರೀಕ್ಷೆ ಮಾಡಲು ಬಳಸುವ, ಇಂಥ ಸೂತ್ರ ಬಿಡಿಸುವ ಪ್ರೋಗ್ರಾಂಗಳಾದ ಸ್ಯಾಟ್ ಸಾಲ್ವರ್‌ಗಳು ಈ ವಂಶದವೇ. ನೀವು ಕಾಲೇಜಿನಲ್ಲಿ ಓದಿದ್ದು ಬಹುಶಃ 1962ರ ಆವೃತ್ತಿ.

ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು. 1900ರಲ್ಲಿ ಜರ್ಮನ್ ಗಣಿತಜ್ಞ ಹಿಲ್ಬರ್ಟ್ ಕೊಟ್ಟ ಪಟ್ಟಿಯ ಹತ್ತನೇ ಸಮಸ್ಯೆ: ಪೂರ್ಣಾಂಕಗಳ ಬಹುಪದ ಸಮೀಕರಣ ಯಾವುದೇ ಕೊಡಲಿ, ಅದಕ್ಕೆ ಪೂರ್ಣಾಂಕದ ಪರಿಹಾರ ಇದೆಯೋ ಇಲ್ಲವೋ ಹೇಳುವ ಒಂದು ಸಾಮಾನ್ಯ ವಿಧಾನ ಬೇಕು. ಅಂಥ ವಿಧಾನವೇ ಇಲ್ಲ ಅನ್ನೋ ಕಡೆಗೆ ಡೇವಿಸ್ ಮತ್ತು ಪಟ್ನಮ್ ಹೊರಟರು. ಆದರೆ ಅವರ ಸಾಧನೆಗೆ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಆಗ ಯಾರೂ ಸಾಧಿಸದ ಒಂದು ಊಹೆ ಬೇಕಾಗಿತ್ತು. ಅವಿಭಾಜ್ಯ ಸಂಖ್ಯೆಗಳ ಸಮಾಂತರ ಶ್ರೇಢಿಗಳು ಎಷ್ಟು ಉದ್ದ ಬೇಕಾದರೂ ಸಿಗುತ್ತವೆ ಅನ್ನೋ ಊಹೆ ಅದು. ಅದನ್ನು ಗ್ರೀನ್ ಮತ್ತು ತಾವ್ ಸಾಧಿಸಿದ್ದು 2004ರಲ್ಲಿ! ಪುಣ್ಯಕ್ಕೆ ಜೂಲಿಯಾ ರಾಬಿನ್ಸನ್ ಆ ಊಹೆಯ ಹಂಗೇ ಇಲ್ಲದ ದಾರಿ ತೋರಿಸಿದರು. ಮೂವರ ಲೇಖನ 1961ರಲ್ಲಿ ಬಂತು. ಉಳಿದಿದ್ದ ಕೊನೆಯ ಕೊಂಡಿಯನ್ನು 1970ರಲ್ಲಿ ರಷ್ಯಾದ ಯುವಕ ಯೂರಿ ಮತಿಯಾಸೆವಿಚ್ ಜೋಡಿಸಿದರು. ಪಟ್ನಮ್ ಇಷ್ಟು ಮಾಡಿ ನಿಲ್ಲಿಸಿದ್ದರೂ ಗಣಿತದ ಚರಿತ್ರೆಯಲ್ಲಿ ಹೆಸರು ಇರುತ್ತಿತ್ತು.

ಲೆಕ್ಕ ಮಾಡುವ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಅಂತ ಹಗಲೂ ರಾತ್ರಿ ಯೋಚಿಸುತ್ತಿದ್ದ ಆ ದಿನಗಳಲ್ಲೇ ಅವರಿಗೆ ಮನಸ್ಸಿನ ಬಗ್ಗೆ ಹೊಳೆದದ್ದು. ಆಗ ಚಾಲ್ತಿಯಲ್ಲಿದ್ದ ಒಂದು ಮಾತು: ನೋವು ಅಂದರೆ ಮಿದುಳಿನ ಇಂಥದ್ದೊಂದು ಸ್ಥಿತಿ, ಅಷ್ಟೇ. ಪಟ್ನಮ್ ಕೇಳಿದರು: ಹಾಗಾದರೆ ಆಕ್ಟೋಪಸ್‌ಗೆ ನೋವಾಗೋದಿಲ್ಲವೇ? ಅದರ ನರವ್ಯೂಹ ನಮ್ಮಂತಿಲ್ಲ. ನೋವು ಅಂದರೆ ನಮ್ಮ ಮಿದುಳಿನ ಒಂದು ಭೌತಿಕ, ರಾಸಾಯನಿಕ ಸ್ಥಿತಿಯೇ ಆಗಿದ್ದರೆ, ಆಕ್ಟೋಪಸ್‌ನಲ್ಲೂ ಅದೇ ಸ್ಥಿತಿ ಇರಬೇಕಾಗುತ್ತದೆ. ಬೇರೆ ಗ್ರಹದಲ್ಲಿ ಜೀವಿಗಳಿದ್ದರೆ ಅವುಗಳಲ್ಲೂ ಇರಬೇಕಾಗುತ್ತದೆ. ಅದನ್ನು ನಂಬೋದು ಕಷ್ಟ.

ಅದಕ್ಕೆ ಬದಲಾಗಿ ಅವರು ಹೇಳಿದ್ದು: ನೋವು ಏತರಿಂದ ಆಗಿದೆ ಅಂತ ನೋಡಬೇಡಿ, ಅದು ಏನು ಕೆಲಸ ಮಾಡುತ್ತದೆ ಅಂತ ನೋಡಿ. ಏಟು ಬಿದ್ದಾಗ ಬರುತ್ತದೆ. ತಪ್ಪಿಸಿಕೊಳ್ಳಬೇಕು ಅನ್ನಿಸುತ್ತದೆ. ಕೈ ಹಿಂದಕ್ಕೆ ಬರುತ್ತದೆ. ಈ ಪಾತ್ರ ಯಾವುದು ವಹಿಸುತ್ತದೋ ಅದು ನೋವು. ಟ್ಯೂರಿಂಗ್ ಯಂತ್ರ, ಅಂದರೆ ಲೆಕ್ಕ ಮಾಡುವ ಒಂದು ಕಾಲ್ಪನಿಕ ಯಂತ್ರ, ಅದರ ಕೋಷ್ಟಕ ನಿಮಗೆ ಗೊತ್ತಲ್ಲ: ಒಂದು ಸ್ಥಿತಿ ಅಂದರೆ ಇನ್‌ಪುಟ್ ಬಂದಾಗ ಏನು ಔಟ್‌ಪುಟ್, ಮುಂದೆ ಯಾವ ಸ್ಥಿತಿ ಅನ್ನೋದಷ್ಟೇ. ಯಂತ್ರ ಹಿತ್ತಾಳೆಯದೋ ಸಿಲಿಕಾನಿನದೋ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಮನಸ್ಸೂ ಹಾಗೇ. ನಾವು ಸ್ವಿಸ್ ಚೀಸಿನಿಂದ ಆಗಿದ್ದರೂ ವ್ಯತ್ಯಾಸ ಇಲ್ಲ ಅಂತ ಒಂದು ಉಪನ್ಯಾಸದಲ್ಲಿ ಹೇಳಿಬಿಟ್ಟರು. 1960ರಲ್ಲಿ ಈ ಯೋಚನೆಯ ಮೊದಲ ಲೇಖನ ಬಂತು. 1967ರ ಪ್ರಬಂಧದಲ್ಲಿ ಅದು ಪೂರ್ತಿ ರೂಪಕ್ಕೆ ಬಂತು. 'ದಿ ನೇಚರ್ ಆಫ್ ಮೆಂಟಲ್ ಸ್ಟೇಟ್ಸ್' ಅಂತ ಈಗ ಹೆಸರಾಗಿರೋದು ಅದೇ. ಫಂಕ್ಷನಲಿಸಂ ಅನ್ನೋದು ಇದಕ್ಕೇ. ಹಾರ್ಡ್‌ವೇರ್–ಸಾಫ್ಟ್‌ವೇರ್ ಹೋಲಿಕೆ ಹಿಡಿದು ಮನಸ್ಸಿನ ಬಗ್ಗೆ ಯೋಚಿಸುವ ಅಭ್ಯಾಸ ಇಷ್ಟು ಹರಡಿದ್ದಕ್ಕೆ ಇದೊಂದು ದೊಡ್ಡ ಕಾರಣ. ಪ್ರಿನ್ಸ್‌ಟನ್‌ನಲ್ಲಿ ಪಟ್ನಮ್ ಶಿಷ್ಯರಾಗಿದ್ದ ಜೆರಿ ಫೋಡರ್ ಇದನ್ನೇ ಹಿಡಿದು ಯೋಚನೆ ಅಂದರೆ ಲೆಕ್ಕಾಚಾರ ಅನ್ನೋ ದೊಡ್ಡ ಸಂಶೋಧನಾ ಕಾರ್ಯಕ್ರಮವನ್ನೇ ಕಟ್ಟಿದರು.

ಈಗ 1975. ಪಟ್ನಮ್ ಬರೆದದ್ದರಲ್ಲೆಲ್ಲ ಶ್ರೇಷ್ಠವಾದ ಪ್ರಬಂಧ ಯಾವುದು ಅಂತ ಕೇಳಿದರೆ ನಾನು ಯೋಚಿಸದೆ ಹೇಳೋದು 'ದಿ ಮೀನಿಂಗ್ ಆಫ್ ಮೀನಿಂಗ್'. ಅದರಲ್ಲಿ ಅವಳಿ ಭೂಮಿಯ ಕಥೆ ಬರುತ್ತದೆ. ನಮ್ಮ ಭೂಮಿಯಂಥದ್ದೇ ಇನ್ನೊಂದು ಗ್ರಹ. ಎಲ್ಲ ಅದೇ, ಒಂದು ಬಿಟ್ಟು. ಅಲ್ಲಿ ನದಿಯಲ್ಲಿ ಹರಿಯುವ, ಮಳೆಯಾಗಿ ಬೀಳುವ, ಬಾಯಾರಿದಾಗ ಕುಡಿಯುವ ದ್ರವ ಎಚ್‌ಟುಓ ಅಲ್ಲ. ಬೇರೆ ಏನೋ ಉದ್ದದ ರಾಸಾಯನಿಕ ಸೂತ್ರ. ಪಟ್ನಮ್ ಅದಕ್ಕೆ ಎಕ್ಸ್‌ವೈಜೆಡ್ ಅಂತ ಹೆಸರಿಟ್ಟರು. ನೋಡೋಕೆ, ರುಚಿಗೆ ಏನೂ ವ್ಯತ್ಯಾಸ ಇಲ್ಲ. ಅಲ್ಲಿನವರೂ ಅದನ್ನು 'ನೀರು' ಅಂತಲೇ ಕರೆಯುತ್ತಾರೆ.

ಕಾಲ 1750 ಅಂದುಕೊಳ್ಳಿ. ನೀರು ಏತರಿಂದ ಆಗಿದೆ ಅಂತ ಇಲ್ಲೂ ಯಾರಿಗೂ ಗೊತ್ತಿಲ್ಲ, ಅಲ್ಲೂ ಗೊತ್ತಿಲ್ಲ. ಇಲ್ಲೊಬ್ಬ ಆಸ್ಕರ್, ಅಲ್ಲೊಬ್ಬ ಆಸ್ಕರ್. ತಲೆಯೊಳಗಿನ ಯೋಚನೆ, ಭಾವನೆ, ಚಿತ್ರ ಎಲ್ಲ ಒಂದೇ. (ನಮ್ಮ ಮೈಯಲ್ಲೇ ನೀರಿದೆಯಲ್ಲ, ಇಬ್ಬರ ದೇಹ ಹೇಗೆ ಒಂದೇ ಆಗುತ್ತದೆ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಸರಿಯಾದ ತಕರಾರು. ನೀರಿನ ಬದಲು ಅಲ್ಯೂಮಿನಿಯಂ ಹಾಕಿಕೊಳ್ಳಿ, ಪಟ್ನಮ್ ಆ ಉದಾಹರಣೆಯನ್ನೂ ಕೊಟ್ಟಿದ್ದಾರೆ.) ಇಲ್ಲಿನ ಆಸ್ಕರ್ 'ನೀರು' ಅಂದಾಗ ಅವನ ಮಾತು ಯಾವುದರ ಬಗ್ಗೆ? ಎಚ್‌ಟುಓ ಬಗ್ಗೆ. ಅಲ್ಲಿನವನ ಮಾತು ಎಕ್ಸ್‌ವೈಜೆಡ್ ಬಗ್ಗೆ. ತಲೆಯೊಳಗೆ ಏನೂ ವ್ಯತ್ಯಾಸ ಇಲ್ಲ, ಆದರೆ ಮಾತಿನ ವಿಷಯ ಬೇರೆ. ಅಂದಮೇಲೆ ಅರ್ಥ ಪೂರ್ತಿಯಾಗಿ ತಲೆಯ ಒಳಗಿಲ್ಲ.

ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ. ಅವಳಿ ಭೂಮಿಯ ಗದ್ದಲದಲ್ಲಿ ಜನ ಅದನ್ನು ಮರೆತುಬಿಡುತ್ತಾರೆ. ನನಗೆ ಅದೇ ಜಾಸ್ತಿ ಇಷ್ಟ. ಎಲ್ಮ್ ಮರ ಯಾವುದು, ಬೀಚ್ ಮರ ಯಾವುದು ಅಂತ ತಮಗೆ ಗೊತ್ತಾಗೋದಿಲ್ಲ ಅಂತ ಪಟ್ನಮ್ ಬರೆಯುತ್ತಾರೆ. ಅವರ ತಲೆಯಲ್ಲಿ ಎರಡೂ 'ಒಂದು ಜಾತಿಯ ದೊಡ್ಡ ಮರ' ಅಷ್ಟೇ. ಆದರೂ ಅವರು 'ಎಲ್ಮ್' ಅಂದರೆ ಅದು ಎಲ್ಮ್ ಬಗ್ಗೆಯೇ, ಬೀಚ್ ಬಗ್ಗೆ ಅಲ್ಲ. ಹೇಗೆ? ಗೊತ್ತಿರುವವರು ಸಮಾಜದಲ್ಲಿದ್ದಾರೆ, ನಾವು ಅವರನ್ನು ನಂಬಿಕೊಂಡು ಪದ ಬಳಸುತ್ತೇವೆ. ಚಿನ್ನದ ಉದಾಹರಣೆಯೂ ಅಲ್ಲಿದೆ. ಚಿನ್ನ ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡಲು ಬರುವವರು ಕೆಲವರೇ. ಉಳಿದವರು ಅದನ್ನು ಕೊಳ್ಳುತ್ತಾರೆ, ಹಾಕಿಕೊಳ್ಳುತ್ತಾರೆ, ಅದರ ಬಗ್ಗೆ ಮಾತಾಡುತ್ತಾರೆ. ಭಾಷೆಯಲ್ಲೂ ಕೆಲಸ ಹಂಚಿಕೊಂಡಿದ್ದೇವೆ ಅಂತಾರೆ ಪಟ್ನಮ್. ಒಂಟಿ ಮನುಷ್ಯನ ತಲೆಯೊಳಗೆ ಇಣುಕಿ ಅರ್ಥ ಹುಡುಕಿದರೆ ಸಿಗೋದಿಲ್ಲ. ಅರ್ಥಕ್ಕೆ ಹೊರಗಿನ ಲೋಕ ಬೇಕು, ಊರಿನ ಉಳಿದ ಜನ ಬೇಕು.

ಈಗ 1967ರ ಸಿದ್ಧಾಂತದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಎರಡೂ ಆಸ್ಕರ್‌ಗಳ ಒಳಗೆ ಓಡುತ್ತಿರುವ 'ಪ್ರೋಗ್ರಾಂ' ಒಂದೇ. ಒಂದೇ ಸ್ಥಿತಿಯಲ್ಲಿ ಇದ್ದಾರೆ. ಆದರೆ ಒಬ್ಬನ ನಂಬಿಕೆ ನೀರಿನ ಬಗ್ಗೆ, ಇನ್ನೊಬ್ಬನದು ಬೇರೆ ದ್ರವದ ಬಗ್ಗೆ. ಅಂದರೆ ನಂಬಿಕೆ ಅನ್ನೋದು ಯಂತ್ರದ ಒಳಗಿನ ಸ್ಥಿತಿ ಮಾತ್ರ ಆಗೋಕೆ ಸಾಧ್ಯವಿಲ್ಲ. ನೋವಿಗೆ ಹೊಂದಿದ ಅಳತೆ ನಂಬಿಕೆಗೆ ಹೊಂದಲಿಲ್ಲ.

ಪಟ್ನಮ್ ಇದನ್ನು ತಕ್ಷಣ ಒಪ್ಪಿಕೊಳ್ಳಲಿಲ್ಲ. ಕೆಲವು ವರ್ಷ ಎರಡನ್ನೂ ಉಳಿಸಿಕೊಳ್ಳೋಕೆ ನೋಡಿದರು. ಫೋಡರ್ ಅಂತೂ ತಲೆಯ ಒಳಗಿನ ಭಾಗಕ್ಕೆ ಬೇರೆ, ಹೊರಗಿನ ಭಾಗಕ್ಕೆ ಬೇರೆ ಲೆಕ್ಕ ಇಟ್ಟು ಗುರುಗಳ ಹಳೆಯ ಸಿದ್ಧಾಂತ ಕಾಪಾಡಲು ಹೊರಟರು. ಆಮೇಲೆ ಅವರೂ ಆ ವಿಂಗಡಣೆ ಕೈಬಿಟ್ಟರು. ಅದನ್ನು ಕೈಬಿಟ್ಟ 1994ರ ಪುಸ್ತಕದ ಹೆಸರಿನಲ್ಲೇ ಎಲ್ಮ್ ಮರ ಇದೆ! ಪಟ್ನಮ್ 1988ರಲ್ಲಿ 'ರೆಪ್ರೆಸೆಂಟೇಶನ್ ಅಂಡ್ ರಿಯಾಲಿಟಿ' ಬರೆದರು. ಕಂಪ್ಯೂಟರೇ ಮನಸ್ಸಿಗೆ ಸರಿಯಾದ ಮಾದರಿ ಅಂತ ಮೊದಲು ಹೇಳಿದ ತತ್ವಶಾಸ್ತ್ರಜ್ಞ ಬಹುಶಃ ನಾನೇ, ಈಗ ಅದು ಯಾಕೆ ಸರಿಯಲ್ಲ ಅಂತ ಹೇಳುತ್ತೇನೆ ಅನ್ನೋ ಧಾಟಿಯಲ್ಲಿ ಅದು ಶುರುವಾಗುತ್ತದೆ. ಇಪ್ಪತ್ತು ವರ್ಷ ತನ್ನ ಹೆಸರಿನಲ್ಲಿ ಪಠ್ಯಪುಸ್ತಕಗಳಲ್ಲಿ ಕೂತಿರುವ ಸಿದ್ಧಾಂತದ ವಿರುದ್ಧ ಇಡೀ ಪುಸ್ತಕ ಬರೆಯೋದು ಸುಮ್ನೆ ಮಾತಲ್ಲ. ಹೆಚ್ಚಿನವರು ಇಂಥ ಹೊತ್ತಿನಲ್ಲಿ 'ನನ್ನನ್ನು ತಪ್ಪಾಗಿ ತಿಳಿದುಕೊಂಡಿದ್ದಾರೆ' ಅಂತ ಜಾರಿಕೊಳ್ಳುತ್ತಾರೆ.

ಹಾಗಂತ ಎಲ್ಲ ಬದಲಾವಣೆಗೂ ನಾನು ವಕೀಲಿ ಮಾಡೋದಿಲ್ಲ. 1968ರಲ್ಲಿ, ಕ್ವಾಂಟಂ ಭೌತಶಾಸ್ತ್ರಕ್ಕಾಗಿ ತರ್ಕದ ನಿಯಮಗಳನ್ನೇ ಬದಲಿಸಬೇಕು ಅಂದರು. ಕೇಳಲು ರೋಮಾಂಚನ, ಆದರೆ ನಿಲ್ಲಲಿಲ್ಲ, ಕೊನೆಗೆ ಅವರೇ ಬಿಟ್ಟರು. ಲೋಕ ನಮ್ಮ ಯೋಚನೆಯನ್ನು ನೆಚ್ಚದೆ ತಾನೇ ಇದೆ ಅನ್ನೋ ವಾಸ್ತವವಾದದ ಕಥೆ ಇನ್ನೂ ಗೋಜಲು. 1975ರಲ್ಲಿ ಅವರ ಒಂದು ವಾಕ್ಯ ಪ್ರಸಿದ್ಧವಾಯಿತು: ವಿಜ್ಞಾನದ ಯಶಸ್ಸನ್ನು ಪವಾಡವಾಗಿ ಮಾಡದ ತತ್ವಶಾಸ್ತ್ರ ಅಂದರೆ ವಾಸ್ತವವಾದ ಒಂದೇ ಅನ್ನೋ ಅರ್ಥದ್ದು. ಎಲೆಕ್ಟ್ರಾನ್ ನಿಜವಾಗಿ ಇಲ್ಲದೆ ಇದ್ದರೆ, ಅದನ್ನು ನಂಬಿ ಮಾಡಿದ ಲೆಕ್ಕ ಇಷ್ಟು ಸರಿಯಾಗಿ ಬರೋದು ಪವಾಡವೇ ಆಗುತ್ತದಲ್ಲ, ಅನ್ನೋದು ವಾದ. ಮರುವರ್ಷದ ಡಿಸೆಂಬರ್‌ನಲ್ಲಿ ಅಮೆರಿಕನ್ ತತ್ವಶಾಸ್ತ್ರ ಸಂಘದ ಪೂರ್ವ ವಿಭಾಗದ ಅಧ್ಯಕ್ಷ ಭಾಷಣದಲ್ಲಿ ಅವರು ಅದೇ ವಾಸ್ತವವಾದದ ಒಂದು ಬಲವಾದ ರೂಪದ ಮೇಲೆ ತಿರುಗಿಬಿದ್ದರು! ಆ ನಂತರದ ವರ್ಷಗಳಲ್ಲಿ, ಲೋಕದಲ್ಲಿ ಎಷ್ಟು ವಸ್ತುಗಳಿವೆ ಅಂತ, ನಾವು ಯಾವ ರೀತಿ ಎಣಿಸುತ್ತೇವೆ ಅನ್ನೋದನ್ನು ಬಿಟ್ಟು ಹೇಳೋಕೆ ಬರೋದಿಲ್ಲ ಅಂದರು. ಮೂರು ಬಿಡಿ ವಸ್ತುಗಳಿವೆ ಅಂದುಕೊಳ್ಳಿ. ಒಬ್ಬರು ಮೂರು ಅಂತಾರೆ. ಕೂಡಿಸಿದ ಜೋಡಿಗಳನ್ನೂ, ಮೂರರ ಒಟ್ಟನ್ನೂ ವಸ್ತು ಅಂತ ಎಣಿಸುವ ತರ್ಕಶಾಸ್ತ್ರಜ್ಞ ಏಳು ಅಂತಾನೆ. ಯಾರು ಸರಿ? ಪ್ರಶ್ನೆಯೇ ಸರಿಯಿಲ್ಲ ಅಂತ ಪಟ್ನಮ್. ಅದೇ ಕಾಲದಲ್ಲಿ, ಸತ್ಯ ಅಂದರೆ ಒಳ್ಳೆಯ ಪರಿಸ್ಥಿತಿಯಲ್ಲಿ ವಿವೇಕವುಳ್ಳವರು ಒಪ್ಪುವಂಥದ್ದು ಅನ್ನೋವರೆಗೂ ಹೋದರು. 1994ರಲ್ಲಿ ಕೊಲಂಬಿಯಾದಲ್ಲಿ ಕೊಟ್ಟ ಡ್ಯೂಯಿ ಉಪನ್ಯಾಸಗಳ ಹೊತ್ತಿಗೆ ಆ ಮಾತನ್ನೂ ಬಿಟ್ಟು, ಸಾಮಾನ್ಯ ಜನ ಲೋಕವನ್ನು ನೇರವಾಗಿ ಕಾಣುತ್ತಾರೆ ಅನ್ನೋ ಸರಳ ವಾಸ್ತವವಾದಕ್ಕೆ ಬಂದರು. ನಡುವಿನ ಆ ಹದಿನೈದು ಹದಿನೆಂಟು ವರ್ಷದ ಬರಹ ನನಗೆ ಅವರ ಕೆಲಸದಲ್ಲೇ ದುರ್ಬಲ ಭಾಗ. ಅಲ್ಲಿ ಹುಟ್ಟಿದ ವಾದಗಳು ಚುರುಕಾಗಿವೆ, ತಲುಪಿದ ಜಾಗ ಮಾತ್ರ ಗಟ್ಟಿಯಿಲ್ಲ.

ನೀವು ಕೇಳಿದ ತೊಟ್ಟಿಯ ಮಿದುಳು ಬಂದದ್ದು ಆ ಅವಧಿಯಲ್ಲೇ. 1981ರ 'ರೀಸನ್, ಟ್ರೂತ್ ಅಂಡ್ ಹಿಸ್ಟರಿ'ಯ ಮೊದಲ ಅಧ್ಯಾಯ. ಮಿದುಳನ್ನು ತೊಟ್ಟಿಯಲ್ಲಿಟ್ಟು, ಕಂಪ್ಯೂಟರೊಂದು ತಂತಿಯ ಮೂಲಕ ಅದಕ್ಕೆ ಸುಳ್ಳು ಅನುಭವ ಕೊಡುತ್ತಿದೆ ಅನ್ನೋ ಕಲ್ಪನೆ. ಜನ ಅದನ್ನು 'ನಾವೆಲ್ಲ ತೊಟ್ಟಿಯಲ್ಲಿರಬಹುದು' ಅಂತ ಹೆದರಿಸುವ ಕಥೆಯಾಗಿ ಹೇಳುತ್ತಾರೆ. ಪಟ್ನಮ್ ಹೇಳಿದ್ದು ಅದರ ಉಲ್ಟಾ. ಹುಟ್ಟಿದಂದಿನಿಂದ ತೊಟ್ಟಿಯಲ್ಲೇ ಇದ್ದು ತಂತಿಯಲ್ಲಿ ಬಂದದ್ದನ್ನಷ್ಟೇ ಅನುಭವಿಸಿದ ಮಿದುಳಿನ 'ತೊಟ್ಟಿ' ಅನ್ನೋ ಪದಕ್ಕೆ ನಿಜವಾದ ತೊಟ್ಟಿಯ ಸಂಬಂಧವೇ ಇಲ್ಲ. ಹಾಗಾಗಿ ಅದು 'ನಾನು ತೊಟ್ಟಿಯಲ್ಲಿದ್ದೇನೆ' ಅಂದರೂ ಆ ಮಾತು ನಿಜವಾಗೋದಿಲ್ಲ. ಅವಳಿ ಭೂಮಿಯ ವಾದವೇ ಇಲ್ಲಿ ವೇಷ ಬದಲಿಸಿ ಬಂದಿದೆ, ಗಮನಿಸಿ. ಸಂಶಯವಾದಿ ಇದರಿಂದ ಸೋಲುತ್ತಾನೆ ಅಂತ ನನಗನ್ನಿಸೋದಿಲ್ಲ. ನಿನ್ನೆ ರಾತ್ರಿಯಷ್ಟೇ ನನ್ನ ಮಿದುಳನ್ನು ತೊಟ್ಟಿಗೆ ಹಾಕಿದ್ದರೆ ಅಂತ ಕೇಳಿದರೆ ಈ ವಾದ ಕೈಕೊಡುತ್ತದೆ.

ಆದರೆ ಎಐ ಬಗ್ಗೆ ಯೋಚಿಸುತ್ತಿರುವ ನಿಮಗೆ ಆ ಅಧ್ಯಾಯದಲ್ಲಿ ಬೇರೆ ನಿಧಿ ಇದೆ. ಮರಳಿನ ಮೇಲೆ ಇರುವೆ ಹರಿದಾಡುತ್ತದೆ. ಅದು ಬಿಟ್ಟ ಗೆರೆ ಅಕಸ್ಮಾತ್ ಚರ್ಚಿಲ್ ಮುಖದಂತೆ ಕಾಣುತ್ತದೆ. ಇರುವೆ ಚರ್ಚಿಲ್ ಚಿತ್ರ ಬರೆಯಿತೇ? ಇಲ್ಲ. ಚರ್ಚಿಲ್ ಯಾರು ಅಂತ ಇರುವೆಗೆ ಗೊತ್ತಿಲ್ಲ, ಅವರನ್ನು ಬರೆಯಬೇಕು ಅಂತಲೂ ಅದಕ್ಕಿರಲಿಲ್ಲ. ಹೋಲಿಕೆ ಇದ್ದ ಮಾತ್ರಕ್ಕೆ ಒಂದು ಗುರುತು ಇನ್ನೊಂದರ ಬಗ್ಗೆ ಆಗೋದಿಲ್ಲ. ಮುಂದೆ, ಯಂತ್ರ ಮನುಷ್ಯರಂತೆ ಮಾತಾಡಬಲ್ಲದೇ ಅಂತ ನೋಡುವ ಟ್ಯೂರಿಂಗ್ ಪರೀಕ್ಷೆಗೆ ಬರುತ್ತಾರೆ. ಒಂದು ಯಂತ್ರ ಸೇಬು, ಹೊಲ, ಬೆಟ್ಟಗಳ ಬಗ್ಗೆ ಚೆನ್ನಾಗಿ ಮಾತಾಡುತ್ತದೆ, ಆದರೆ ಅದಕ್ಕೆ ಕಣ್ಣಿಲ್ಲ, ಕೈಯಿಲ್ಲ, ಸೇಬು ಮುಂದಿಟ್ಟರೆ ಗುರುತು ಹಿಡಿಯಲಾರದು. ಅದರ 'ಸೇಬು' ಸೇಬಿನ ಬಗ್ಗೆ ಅಂತ ಹೇಳಬಹುದೇ? ಇಲ್ಲ ಅಂತಾರೆ ಪಟ್ನಮ್. ಪದಗಳಿಂದ ಪದಗಳಿಗೆ ಹೋಗುವ ನಿಯಮಗಳಷ್ಟೇ ಇದ್ದರೆ, ಪದಗಳಿಂದ ಲೋಕಕ್ಕೆ ಹೋಗುವ ದಾರಿ ಇಲ್ಲದಿದ್ದರೆ, ಆ ಮಾತು ಖಾಲಿ ಆಟ. 1981ರಲ್ಲಿ ಬರೆದದ್ದು ಇದು.

ಇವತ್ತಿನ ಚಾಟ್‌ಬಾಟ್‌ಗಳಿಗೆ ಇದನ್ನು ಹಾಗೇ ಅಂಟಿಸೋದು ಸುಲಭ, ಬಹಳ ಜನ ಅಂಟಿಸಿಯೂ ಇದ್ದಾರೆ. ಆದರೆ ಎಲ್ಮ್ ಮರವನ್ನು ಮರೆಯಬೇಡಿ. ಪಟ್ನಮ್‌ಗೂ ಎಲ್ಮ್ ಗುರುತು ಸಿಗುತ್ತಿರಲಿಲ್ಲ. ಬೇರೆಯವರ ತಿಳಿವಳಿಕೆಯನ್ನು ನೆಚ್ಚಿಕೊಂಡೇ ಅವರ ಪದಕ್ಕೆ ಅರ್ಥ ಬಂದದ್ದು. ಮನುಷ್ಯರ ಬರಹವನ್ನೇ ತಿಂದು ಬೆಳೆದ ಯಂತ್ರವೂ ಹಾಗೇ ನೆಚ್ಚಿಕೊಂಡಿದೆ ಅಂತ ಯಾಕೆ ಹೇಳಬಾರದು? ಭಾಷೆಯಲ್ಲಿ ಕೆಲಸ ಹಂಚಿಕೊಳ್ಳಲು ಎಷ್ಟು ಒಳಗಿನವರಾಗಿರಬೇಕು ಅನ್ನೋದು ಇಲ್ಲಿ ನಿಜವಾದ ಪ್ರಶ್ನೆ. 1975ರ ಪಟ್ನಮ್ ಒಂದು ಕಡೆ ಎಳೆಯುತ್ತಾರೆ, 1981ರ ಪಟ್ನಮ್ ಇನ್ನೊಂದು ಕಡೆ. ಎಐ ಚರ್ಚೆಯಲ್ಲಿ ಅವರ ಹೆಸರು ಹೇಳುವವರು ಸಾಮಾನ್ಯವಾಗಿ ಒಂದು ಕಡೆಯನ್ನು ಮಾತ್ರ ಹೇಳುತ್ತಾರೆ.

ರಾಜಕೀಯದಲ್ಲೂ ಬದಲಾದವರೇ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಎಂಐಟಿಯಲ್ಲಿ ಯುದ್ಧವಿರೋಧಿ ಸಮಿತಿ ಕಟ್ಟಿದರು. ಹಾರ್ವರ್ಡ್‌ನಲ್ಲಿ ಎಡಪಂಥೀಯ ವಿದ್ಯಾರ್ಥಿ ಸಂಘಟನೆಗೆ ಸಲಹೆಗಾರರಾಗಿದ್ದರು, ಪ್ರೊಗ್ರೆಸಿವ್ ಲೇಬರ್ ಅನ್ನೋ ಮಾವೋವಾದಿ ಪಕ್ಷ ಸೇರಿದರು. 1972ರಲ್ಲಿ ಬಿಟ್ಟರು. ಆ ಪಕ್ಷಕ್ಕೆ ಸೇರಿದ್ದು ತಪ್ಪು ಅಂತ ಆಮೇಲೆ ಬಹಿರಂಗವಾಗಿಯೇ ಹೇಳಿದರು. ಧರ್ಮವಿಲ್ಲದ ಮನೆಯಲ್ಲಿ ಬೆಳೆದವರು ಹೆಂಡತಿ ರೂತ್ ಆನ್ನಾ ಜೊತೆ ಯಹೂದಿ ಆಚರಣೆಗೆ ಮರಳಿದರು. ಹುಡುಗರಿಗೆ ಹದಿಮೂರನೇ ವಯಸ್ಸಿಗೆ ಮಾಡುವ ಬಾರ್ ಮಿಟ್ಸ್ವಾ ಇವರಿಗೆ ಆಗಿದ್ದು 1994ರಲ್ಲಿ, ಅರವತ್ತೆಂಟನೇ ವಯಸ್ಸಿನಲ್ಲಿ. ರೂತ್ ಆನ್ನಾ ಕೂಡ ತತ್ವಶಾಸ್ತ್ರಜ್ಞೆ, ವೆಲ್ಸ್‌ಲಿ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದರು. ಅಮೆರಿಕದ ಹಿಂದಿನ ತಲೆಮಾರಿನ ತತ್ವಶಾಸ್ತ್ರಜ್ಞರಾದ ವಿಲಿಯಂ ಜೇಮ್ಸ್, ಜಾನ್ ಡ್ಯೂಯಿ ಕಡೆಗೆ ಪಟ್ನಮ್ ತಿರುಗಿದ್ದರಲ್ಲಿ ಅವರ ಪಾಲು ದೊಡ್ಡದು. ಇಬ್ಬರ ಲೇಖನಗಳು ಸೇರಿದ ಪುಸ್ತಕ 2017ರಲ್ಲಿ, ಪಟ್ನಮ್ ತೀರಿಕೊಂಡ ಮೇಲೆ, ಬಂತು.

ಆ ತಿರುಗುವಿಕೆಯ ಒಳ್ಳೆಯ ಫಲ 2002ರ ಒಂದು ಪುಸ್ತಕ: 'ದಿ ಕೊಲ್ಯಾಪ್ಸ್ ಆಫ್ ದಿ ಫ್ಯಾಕ್ಟ್/ವ್ಯಾಲ್ಯೂ ಡೈಕಾಟಮಿ'. ಸಂಗತಿ ಬೇರೆ, ಮೌಲ್ಯ ಬೇರೆ, ವಿಜ್ಞಾನಕ್ಕೆ ಸಂಗತಿ ಸಾಕು ಅನ್ನೋ ಮಾತಿನ ಮೇಲೆ ಅವರ ದಾಳಿ. 'ಆ ಮೇಷ್ಟರು ಕ್ರೂರಿ' ಅಂದಿರಿ. ಇದು ಸಂಗತಿಯೋ, ಬೈಗುಳವೋ? ಎರಡೂ. ಎರಡನ್ನೂ ಬಿಡಿಸಿ ಇಡೋಕೆ ಆಗೋದಿಲ್ಲ. ಇದನ್ನು ಅವರು ಅರ್ಥಶಾಸ್ತ್ರದ ಅಂಗಳಕ್ಕೆ ಒಯ್ಯುತ್ತಾರೆ. ಅಲ್ಲಿ ಅವರ ನಾಯಕ ಅಮರ್ತ್ಯ ಸೇನ್. ಸೇನ್ ಕೂಡ ಹಾರ್ವರ್ಡ್‌ನವರೇ. ಬಡತನ ಅಳೆಯುವಾಗ 'ಚೆನ್ನಾಗಿ ಬದುಕೋದು' ಅಂದರೇನು ಅನ್ನೋ ಮೌಲ್ಯದ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಬರೋದಿಲ್ಲ ಅನ್ನೋ ಸೇನ್ ಅವರ ನಿಲುವಿಗೆ ತತ್ವಶಾಸ್ತ್ರದ ಕಡೆಯಿಂದ ಬಂದ ಗಟ್ಟಿ ಬೆಂಬಲ ಇದು. ತೆಳು ಪುಸ್ತಕ, ಓದಿಸಿಕೊಂಡು ಹೋಗುತ್ತದೆ.

ಓದೋದು ಎಲ್ಲಿಂದ? ಒಟ್ಟು ಪುಸ್ತಕಗಳ ಪಟ್ಟಿ ನೋಡಿ ಹೆದರಬೇಡಿ. ಪಟ್ನಮ್ ಪ್ರಬಂಧಕಾರರು, ಅವರ ಪುಸ್ತಕಗಳಲ್ಲಿ ಹೆಚ್ಚಿನವು ಲೇಖನ ಮತ್ತು ಉಪನ್ಯಾಸಗಳ ಕಟ್ಟುಗಳೇ. ಮೊದಲು 1981ರ ಪುಸ್ತಕದ ಮೊದಲ ಅಧ್ಯಾಯ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆಮೇಲೆ 'ದಿ ಮೀನಿಂಗ್ ಆಫ್ ಮೀನಿಂಗ್'. ಅದು ಉದ್ದ, ನಿಧಾನಕ್ಕೆ ಓದಿ. 1975ರ 'ಮೈಂಡ್, ಲ್ಯಾಂಗ್ವೇಜ್ ಅಂಡ್ ರಿಯಾಲಿಟಿ' ಸಂಪುಟದಲ್ಲಿ ಸಿಗುತ್ತದೆ. 1967ರ ಪ್ರಬಂಧವೂ ಅದರಲ್ಲೇ ಇದೆ, ಹಾಗಾಗಿ ಒಂದೇ ಪುಸ್ತಕ ಕೊಂಡರೆ ಜಗಳದ ಎರಡೂ ಪಕ್ಷ ಕೈಗೆ ಬರುತ್ತವೆ. 1980ರ 'ಮಾಡೆಲ್ಸ್ ಅಂಡ್ ರಿಯಾಲಿಟಿ' ಮಾತ್ರ ಸದ್ಯಕ್ಕೆ ಬೇಡ, ತರ್ಕಶಾಸ್ತ್ರ ಸ್ವಲ್ಪ ಪಳಗಿದ ಮೇಲೆ ನೋಡಿ. ಯಾವ ಲೇಖನ ತೆಗೆದರೂ ಮೊದಲು ಬರೆದ ವರ್ಷ ನೋಡಿಕೊಳ್ಳಿ. ಬೇರೆ ಲೇಖಕರಿಗೆ ಇದು ಅಷ್ಟು ಮುಖ್ಯ ಅಲ್ಲ, ಇವರಿಗೆ ಬೇಕೇ ಬೇಕು.

ಕೊನೆಗೆ 1988ರ ಪುಸ್ತಕ. ಅದರ ಅನುಬಂಧ ಬಿಡಬೇಡಿ, ನಿಮ್ಮಂಥವರಿಗೇ ಬರೆದ ಹಾಗಿದೆ. ಅಲ್ಲಿ ಪಟ್ನಮ್ ಒಂದು ಮಾಮೂಲಿ ಭೌತಿಕ ವಸ್ತು ಕೂಡ ಯಾವ ಸೀಮಿತ 'ಆಟೊಮ್ಯಾಟನ್' (ಎಣಿಸಬಹುದಾದಷ್ಟೇ ಸ್ಥಿತಿಗಳಿರುವ ಅಮೂರ್ತ ಯಂತ್ರ) ಬೇಕಾದರೂ ಆಗಿ ಓಡುತ್ತಿದೆ ಅಂತ ತೋರಿಸಲು ಹೊರಡುತ್ತಾರೆ. ಅದು ನಿಜವಾದರೆ 'ಇಂಥ ಪ್ರೋಗ್ರಾಂ ಓಡಿಸುತ್ತಿದೆ, ಹಾಗಾಗಿ ಅದಕ್ಕೆ ಮನಸ್ಸಿದೆ' ಅನ್ನೋ ಮಾತಿಗೆ ಬೆಲೆಯೇ ಇಲ್ಲ. ಅದಕ್ಕೆ ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ 1996ರಲ್ಲಿ ಉತ್ತರ ಬರೆದರು. ಲೇಖನದ ಹೆಸರೇ ಬಂಡೆಗಲ್ಲು ಎಲ್ಲ ಆಟೊಮ್ಯಾಟನ್‌ಗಳನ್ನೂ ಓಡಿಸುತ್ತದೆಯೇ ಅನ್ನೋ ಪ್ರಶ್ನೆ. ಒಂದು ಸಲ ನಡೆದ ಸ್ಥಿತಿಗಳ ಸಾಲು ಹೊಂದಿದರೆ ಸಾಲದು, ಇನ್‌ಪುಟ್ ಬೇರೆ ಆಗಿದ್ದರೆ ಏನಾಗುತ್ತಿತ್ತು ಅನ್ನೋದೂ ಹೊಂದಬೇಕು ಅಂತ ಅವರ ವಾದ. ಪ್ರೋಗ್ರಾಂ ಬರೆದು ಟೆಸ್ಟ್ ಮಾಡಿದ ಯಾರಿಗೂ ಇದು ಕೂಡಲೇ ಅರ್ಥವಾಗುತ್ತದೆ. ಈ ಒಂದು ಜಗಳದಲ್ಲಿ ನಾನು ಚಾಮರ್ಸ್ ಕಡೆ. ಆದರೆ ಅವಳಿ ಭೂಮಿಯ ಏಟಿಗೆ ಈ ಉತ್ತರ ಔಷಧಿ ಅಲ್ಲ.